ಸಂತಾನಹೀನತೆ: ಹೊಣೆ ಹೆಣ್ಣೊಬ್ಬಳದೇ ಅಲ್ಲ

ವಿವಾಹವಾಗಿ ಎರಡು ವರ್ಷ ಕಳೆಯಿತೆಂದರೆ ಸಾಕು, "ಏನಾದರೂ ವಿಶೇಷವುಂಟೇ?" ಎಂದು ಊರಿನ ಹಿರಿಯರು ವಿಚಾರಿಸತೊಡಗುತ್ತಾರೆ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲೆಸಿದ ಕನ್ನಡಿಗ ದಂಪತಿಗಳಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ಉತ್ತರ ಹೇಳಬೇಕಾದವಳು ಮಾತ್ರ ಸೊಸೆ. 'ಬಂಜೆ' ಎಂಬ ಕಟುಶಬ್ದ ಹೆಣ್ಣಿಗೇ ಮೀಸಲು. ಗಂಡಿಗೆ ಸಲ್ಲುವ ಅಂತಹ ಮಾತು ನಮ್ಮ ಮನೆಗಳಲ್ಲಿ ಬಳಕೆಯಲ್ಲಿಲ್ಲ. ವೈದ್ಯಶಾಸ್ತ್ರವಾದರೋ ಬೇರೆಯೇ ಲೆಕ್ಕವನ್ನು ಮುಂದಿಡುತ್ತದೆ.

ಗರ್ಭನಿರೋಧಕಗಳನ್ನು ಬಳಸದೆ ಒಂದು ವರ್ಷ ನಿಯತವಾದ ದಾಂಪತ್ಯ ನಡೆಸಿದರೂ ಗರ್ಭ ನಿಲ್ಲದಿದ್ದರೆ ಅದನ್ನು ಸಂತಾನಹೀನತೆ ಎನ್ನುತ್ತಾರೆ. ವಯಸ್ಕರಲ್ಲಿ ಸುಮಾರು ಆರರಲ್ಲೊಬ್ಬರು ಜೀವಿತದಲ್ಲಿ ಎಂದಾದರೂ ಇದನ್ನು ಎದುರಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಅಂದಾಜಿಸಿತು. ಪತ್ನಿಗೆ 35 ವರ್ಷ ದಾಟಿದ್ದರೆ ಆರು ತಿಂಗಳಿಗೇ ವೈದ್ಯರನ್ನು ಕಾಣುವುದು ಯುಕ್ತ. ಅಂಡಗಳ ಸಂಖ್ಯೆಯೂ ಗುಣವೂ ವಯಸ್ಸಿನೊಡನೆ ಕುಗ್ಗುತ್ತವೆ.

ಸ್ಥೂಲವಾಗಿ ಹೇಳುವುದಾದರೆ, ಮೂರನೆಯ ಒಂದು ಪಾಲು ಪ್ರಕರಣಗಳಲ್ಲಿ ದೋಷ ಪತ್ನಿಯಲ್ಲಿ, ಇನ್ನೊಂದು ಪಾಲಿನಲ್ಲಿ ಪತಿಯಲ್ಲಿ. ಉಳಿದವುಗಳಲ್ಲಿ ಇಬ್ಬರಲ್ಲಿಯೂ ಇರುತ್ತದೆ, ಇಲ್ಲವೇ ಕಾರಣವೇ ತಿಳಿಯದು. ಸ್ತ್ರೀಯರಲ್ಲಿ ಅಂಡಾಣು ಕ್ರಮವಾಗಿ ಬಿಡುಗಡೆಯಾಗದಿರುವುದು, ಥೈರಾಯ್ಡ್ ಏರುಪೇರು, ಗರ್ಭನಾಳ ಮುಚ್ಚಿಕೊಳ್ಳುವುದು ಮುಖ್ಯ ಕಾರಣಗಳು. ಜನನಾಂಗಗಳಿಗೆ ತಗಲುವ ಕ್ಷಯವು ಸದ್ದಿಲ್ಲದೆ ಗರ್ಭನಾಳಗಳನ್ನು ಕೆಡಿಸುವುದು ನಮ್ಮ ದೇಶದಲ್ಲಿ ಅಪರೂಪವಲ್ಲ. ಪುರುಷರಲ್ಲಿ ವೃಷಣದ ರಕ್ತನಾಳಗಳ ಊತ, ಪ್ರಾಯದಲ್ಲಿ ಬಂದ ಮಂಗನಬಾವು, ತಂಬಾಕು, ಮದ್ಯ, ಅಂಗಸಾಧನೆಗಾಗಿ ಚುಚ್ಚಿಸಿಕೊಳ್ಳುವ ಹಾರ್ಮೋನು ಇವು ವೀರ್ಯಾಣುಗಳನ್ನು ಕುಂದಿಸುತ್ತವೆ. ಹೋಟೆಲಿನ ಭಟ್ಟಿ, ಕಾರ್ಖಾನೆಯ ಕುಲುಮೆಗಳ ಮುಂದಿನ ದೀರ್ಘ ದುಡಿಮೆಯ ಶಾಖವೂ ಬಾಧಿಸಬಹುದು. ಪುರುಷತ್ವಕ್ಕೂ ವೀರ್ಯಾಣುಗಳ ಸಂಖ್ಯೆಗೂ ಸಂಬಂಧ ಕಲ್ಪಿಸುವುದು ಮಾತ್ರ ಸಲ್ಲದು. ದಾಂಪತ್ಯದಲ್ಲಿ ಯಾವ ಕೊರತೆಯೂ ಇಲ್ಲದವನಲ್ಲಿಯೂ ವೀರ್ಯಾಣುಗಳು ಇಲ್ಲದಿರಬಹುದು.

ನಗರಜೀವನದ ಪಾತ್ರವನ್ನೂ ಮರೆಯಲಾಗದು. ಅಂಡಾಣುವಿನ ಆಯುಸ್ಸು ಒಂದು ದಿನದೊಳಗೆ. ವೀರ್ಯಾಣು ಐದು ದಿನಗಳವರೆಗೆ ಬದುಕಬಲ್ಲದು. ಹೀಗಾಗಿ ತಿಂಗಳಿನಲ್ಲಿ ಗರ್ಭಧಾರಣೆಗೆ ಅನುಕೂಲವಾದವು ಸುಮಾರು ಆರು ದಿನಗಳು. ಒಬ್ಬರು ಮುಂಜಾನೆಯ ಲೋಕಲ್ ಹಿಡಿದು, ಇನ್ನೊಬ್ಬರು ರಾತ್ರಿಪಾಳಿ ಮುಗಿಸಿ ಬರುವ ಮನೆಯಲ್ಲಿ ಈ ದಿನಗಳೇ ಕೈತಪ್ಪಿಹೋಗುವುದುಂಟು.

ಆದರೂ ಪರೀಕ್ಷೆಗಳೆಲ್ಲ ಪತ್ನಿಯಿಂದಲೇ ಆರಂಭವಾಗುತ್ತವೆ. ಪತಿಯ ವೀರ್ಯಪರೀಕ್ಷೆ ಇವೆಲ್ಲಕ್ಕಿಂತ ಸುಲಭ. ನೋವಿಲ್ಲ, ವೆಚ್ಚವೂ ಅಲ್ಪ. ಎರಡರಿಂದ ಏಳು ದಿನಗಳ ಸಂಯಮದ ನಂತರ ಮಾದರಿ ಕೊಟ್ಟರಾಯಿತು. ವೀರ್ಯಾಣು ರೂಪುಗೊಳ್ಳಲು ಎರಡೂವರೆ ತಿಂಗಳು ಹಿಡಿಯುವುದರಿಂದ ಹಿಂದೆ ಬಂದ ಜ್ವರವೂ ಫಲಿತಾಂಶವನ್ನು ಕೆಡಿಸೀತು. ಒಂದು ವರದಿಯಿಂದ ಎದೆಗುಂದದೆ ಮತ್ತೊಮ್ಮೆ ಪರೀಕ್ಷಿಸಿಕೊಳ್ಳಬೇಕು.

ಚಿಕಿತ್ಸೆಗಾಗಿ ದೂರ ಹೋಗಬೇಕಾಗಿಯೂ ಇಲ್ಲ. ಕಳವಾದ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆಯಂತಹ ಸಾರ್ವಜನಿಕ ಆಸ್ಪತ್ರೆಗಳ ಸ್ತ್ರೀರೋಗ ವಿಭಾಗದಿಂದಲೇ ಆರಂಭಿಸಬಹುದು. ಇದೇ ಮಧ್ಯ ರೈಲುಮಾರ್ಗದ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ 1986ರ ಆಗಸ್ಟ್ 6ರಂದು ಡಾ. ಇಂದಿರಾ ಹಿಂದುಜಾ ಹಾಗೂ ಡಾ. ಟಿ.ಸಿ. ಆನಂದಕುಮಾರ್ ಅವರ ಪ್ರಯತ್ನದಿಂದ ಪ್ರನಾಳಶಿಶುವೊಂದು ಜನಿಸಿ ದೇಶದ ಗಮನ ಸೆಳೆಯಿತು. ಅದಕ್ಕೂ ಮುನ್ನ, 1978ರಲ್ಲಿಯೇ, ಕಲಕತ್ತೆಯ ಡಾ. ಸುಭಾಷ್ ಮುಖೋಪಾಧ್ಯಾಯರು ಇದನ್ನು ಸಾಧಿಸಿದ್ದರೆಂಬುದನ್ನು ಸ್ವತಃ ಆನಂದಕುಮಾರರೇ ಮುಂದೆ ಎತ್ತಿ ಹಿಡಿದರು. ಇಂದು ಒಂದೇ ವೀರ್ಯಾಣುವನ್ನು ಅಂಡದೊಳಗೆ ಸೇರಿಸುವ ವಿಧಾನವೂ ಇದೆ. ಆದರೆ ಒಂದೇ ಬಾರಿಗೆ ಫಲ ನಿಶ್ಚಿತವಲ್ಲ. ಸಾಲ ಮಾಡುವ ಮುನ್ನ ಒಟ್ಟು ವೆಚ್ಚವನ್ನೂ ಸಾಫಲ್ಯದ ಸಾಧ್ಯತೆಯನ್ನೂ ಕೇಳಿ ತಿಳಿಯಬೇಕು. 2021ರ ಕಾಯಿದೆಯಂತೆ ಇಂತಹ ಚಿಕಿತ್ಸಾಲಯಗಳಿಗೆ ನೋಂದಣಿ ಕಡ್ಡಾಯ.

ಕುಕ್ಕೆಗೆ ಹೋಗಿ ಹರಕೆ ಸಲ್ಲಿಸುವುದನ್ನು ಯಾರೂ ಬೇಡವೆನ್ನರು. ಆದರೆ ಅದರ ಫಲಕ್ಕಾಗಿ ಕಾಯುತ್ತ ಪರೀಕ್ಷೆಯನ್ನು ಮುಂದೂಡಿದರೆ ಕಳೆದ ವರ್ಷಗಳು ಮರಳಿ ಬಾರವು. ವೈದ್ಯರ ಬಳಿಗೆ ಮೊದಲ ದಿನವೇ ಪತಿಪತ್ನಿಯರಿಬ್ಬರೂ ಜೊತೆಯಾಗಿ ಹೋಗಲಿ. ಅತ್ತೆಮಾವಂದಿರು ಮಗನಿಗೂ ಪರೀಕ್ಷೆಯಾಯಿತೇ ಎಂದು ಕೇಳಲಿ.