ಬಯಲು ಮತ್ತು ಕುಣಿತ: ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಸ್ಥಳನಿಷ್ಠ ಪ್ರದರ್ಶನ

ಕನ್ನಡದ ‘ಬಯಲಾಟ’ ಎಂಬ ಪದದಲ್ಲಿ ಆಟದ ಜೊತೆಗೆ ಆಟದ ಜಾಗವೂ ಸೇರಿಕೊಂಡಿದೆ. ಆಡುವ ಎಡೆಯನ್ನು ಬಿಟ್ಟು ಆಟವನ್ನು ಹೆಸರಿಸುವುದು ಜನಪದರಿಗೆ ಅಗತ್ಯವೆನಿಸಿಲ್ಲ. ಪಾಶ್ಚಾತ್ಯ ಕಲಾಚಿಂತನೆಯಲ್ಲಿ ಇದೇ ಸಂಬಂಧವು ‘ಸ್ಥಳನಿಷ್ಠ ಕಲೆ’ ಎಂಬ ಪರಿಕಲ್ಪನೆಯಾಗಿ ರೂಪುಗೊಂಡದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ನ್ಯೂಯಾರ್ಕಿನ ಸಾರ್ವಜನಿಕ ಚೌಕವೊಂದರಲ್ಲಿ 1981ರಲ್ಲಿ ನಿಲ್ಲಿಸಿದ ರಿಚರ್ಡ್ ಸೆರಾ ಅವರ ಉಕ್ಕಿನ ಶಿಲ್ಪವನ್ನು ಬೇರೆಡೆಗೆ ಸಾಗಿಸುವ ವಿವಾದ ಎದ್ದಾಗ, ಸ್ಥಳಾಂತರವೆಂದರೆ ಕೃತಿಯ ನಾಶವೇ ಎಂದು ಕಲಾವಿದರು ವಾದಿಸಿದರು. 1989ರಲ್ಲಿ ಆ ಶಿಲ್ಪವನ್ನು ಅಲ್ಲಿಂದ ತೆಗೆಯಲಾಯಿತು. ಈ ವಾದವನ್ನು ಕುಣಿತ, ಹಾಡು, ವಾದ್ಯಗಳಿಗೆ ಹಾಗೆಯೇ ಅನ್ವಯಿಸಬಹುದೇ? ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ಪ್ರದೇಶದ ನಿದರ್ಶನಗಳು ಈ ಪ್ರಶ್ನೆಗೆ ಭಿನ್ನವಾದ ಉತ್ತರವನ್ನು ಸೂಚಿಸುತ್ತವೆ.

ಡಮಾಮಿಯ ಅಂಗಳ

ಹಳಿಯಾಳ, ಮುಂಡಗೋಡ, ಯಲ್ಲಾಪುರ ಭಾಗಗಳಲ್ಲಿ ನೆಲೆಸಿರುವ ಸಿದ್ದಿಗಳು ಆಫ್ರಿಕಾ ಮೂಲದವರು. ಅವರ ಪೂರ್ವಿಕರಲ್ಲಿ ಅನೇಕರು ಗುಲಾಮರಾಗಿ ಗೋವೆಗೆ ತರಲ್ಪಟ್ಟು, ಅಲ್ಲಿಂದ ಬಿಡಿಸಿಕೊಂಡು ಘಟ್ಟದ ಕಾಡುಗಳನ್ನು ಸೇರಿದರು. ಹಿಂದೂ, ಕ್ರೈಸ್ತ, ಮುಸ್ಲಿಂ ಎಂಬ ಮೂರು ಮತಗಳಲ್ಲಿ ಹಂಚಿಹೋಗಿರುವ ಈ ಸಮುದಾಯವನ್ನು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. ಇವರ ಡಮಾಮಿ ಕುಣಿತಕ್ಕೆ ಹೆಸರು ಬಂದಿರುವುದು ಎರಡು ಮುಖದ ಚರ್ಮವಾದ್ಯವಾದ ಡಮಾಮಿನಿಂದ. ಹೆಂಗಸರ ಪುಗಡಿಯೂ ಇದರ ಜೊತೆಗೇ ಬೆಳೆದುಬಂದಿದೆ. ಇಲ್ಲಿ ಹಾಡು, ವಾದ್ಯ, ಕುಣಿತಗಳನ್ನು ಬೇರ್ಪಡಿಸಲಾಗದು. ಪದ್ಯಕ್ಕೆ ಲಯವನ್ನು ಕೊಡುವುದು ಹೆಜ್ಜೆ, ಹೆಜ್ಜೆಗೆ ಗತಿಯನ್ನು ಕೊಡುವುದು ವಾದ್ಯ.

ಮನೆಯ ಅಂಗಳದಲ್ಲಿ ನಡೆಯುವಾಗ ಡಮಾಮಿಗೆ ನಿಗದಿತ ಅವಧಿಯಿಲ್ಲ. ನೋಡುತ್ತ ಕುಳಿತವರು ಎದ್ದು ಕುಣಿಯುತ್ತಾರೆ, ಕುಣಿದವರು ಬಂದು ಕೂರುತ್ತಾರೆ. ಹೀಗಾಗಿ ಪ್ರೇಕ್ಷಕ ಮತ್ತು ಕಲಾವಿದ ಎಂಬ ವಿಭಜನೆ ಗಟ್ಟಿಗೊಳ್ಳುವುದಿಲ್ಲ. ಮೂರು ಮತಗಳ ಸಿದ್ದಿಗಳನ್ನು ಒಂದೇ ಲಯಕ್ಕೆ ತರುವ ಎಡೆಯೂ ಅಂಗಳವೇ ಆಗಿರುವುದು ಗಮನಾರ್ಹ. 1980ರ ದಶಕದಲ್ಲಿ ನೀನಾಸಮ್ ಬಳಗದ ಚಿದಂಬರರಾವ್ ಜಂಬೆಯವರು ಸಿದ್ದಿಗಳೊಡನೆ ಮಾಡಿದ ರಂಗಪ್ರಯೋಗಕ್ಕೆ ಯಲ್ಲಾಪುರ ತಾಲ್ಲೂಕಿನ ಮಂಚೀಕೇರಿ ನೆಲೆಯಾಯಿತು. ನೈಜೀರಿಯಾದ ಚಿನುವಾ ಅಚೆಬೆಯವರ ಕಾದಂಬರಿಯನ್ನು ಆಧರಿಸಿದ ಆ ಪ್ರಯೋಗದಲ್ಲಿ ರಂಗಭೂಮಿಯೇ ಸಮುದಾಯದ ನೆಲೆಗೆ ಹೋಯಿತೆಂಬುದು ಅದರ ವಿಶೇಷ.

ಲೆಕ್ಕಕ್ಕೆ ಸಿಗದ ಬಯಲು

ಕೊಂಕಣಿ ಪರಂಪರೆಯಲ್ಲಿ ಶಿಗ್ಮೋ ಮೊದಲಾದ ಹಬ್ಬಗಳ ಕುಣಿತಕ್ಕೆ ಊರಿನ ನಿಶ್ಚಿತ ಬಯಲೊಂದನ್ನು ಪವಿತ್ರವೆಂದು ಭಾವಿಸಿ ‘ಮಾಂಡ’ ಎಂದು ಕರೆಯುವುದುಂಟು. ಇಂಥ ಬಯಲು ಯಾವ ಒಬ್ಬ ವ್ಯಕ್ತಿಯ ಸ್ವತ್ತೂ ಅಲ್ಲ. ಅದರ ಶಕ್ತಿ ಇರುವುದು ಇದರಲ್ಲಿಯೇ, ದೌರ್ಬಲ್ಯವೂ ಇದರಲ್ಲಿಯೇ. 1987ರಲ್ಲಿ ಪೂರ್ಣಗೊಂಡ ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ತಾಲ್ಲೂಕಿಗೆ ಹೆಸರು ಕೊಟ್ಟಿದ್ದ ಸೂಪಾ ಊರೇ ಮುಳುಗಿತು. ತಾಲ್ಲೂಕು ಈಗ ಜೋಯಿಡಾ ಎನಿಸಿಕೊಂಡಿದೆ. ಹೊಲಮನೆಗಳಿಗೆ ಬೆಲೆ ಕಟ್ಟಬಹುದು. ಯಾರ ಹೆಸರಿನಲ್ಲಿಯೂ ಇಲ್ಲದ ಕುಣಿತದ ಬಯಲಿಗೆ ಬೆಲೆ ಕಟ್ಟುವ ಕ್ರಮ ಯಾವುದು? 2007ರಲ್ಲಿ ದಾಂಡೇಲಿ–ಅಣಶಿ ಹೆಸರಿನಲ್ಲಿ ಘೋಷಣೆಯಾಗಿ ಈಗ ಕಾಳಿ ಎನಿಸಿಕೊಂಡಿರುವ ಹುಲಿ ಸಂರಕ್ಷಿತ ಪ್ರದೇಶದ ಹಳ್ಳಿಗಳಿಗೂ ಈ ಪ್ರಶ್ನೆ ಅನ್ವಯಿಸುತ್ತದೆ. 2006ರ ಅರಣ್ಯ ಹಕ್ಕುಗಳ ಕಾಯಿದೆ ವೈಯಕ್ತಿಕ ಸಾಗುವಳಿಯ ಜೊತೆಗೆ ಸಮುದಾಯದ ಸಾಂಪ್ರದಾಯಿಕ ಹಕ್ಕುಗಳನ್ನೂ ಮನ್ನಿಸುತ್ತದೆ. ಕುಣಿತದ ಬಯಲುಗಳನ್ನು ಗುರುತಿಸಿ ದಾಖಲಿಸುವ ಕೆಲಸಕ್ಕೆ ಇಲ್ಲಿ ಸಾಂಸ್ಕೃತಿಕ ಮಹತ್ವದ ಜೊತೆಗೆ ಕಾನೂನಿನ ಮಹತ್ವವೂ ಬರುತ್ತದೆ.

ಮರಳಿ ಕಟ್ಟಿದ ಅಂಗಳ

ಸ್ಥಳ ಕಳೆದುಹೋದರೆ ಕಲೆಯೂ ಕಳೆದುಹೋಯಿತೆಂದು ತೀರ್ಮಾನಿಸುವಂತಿಲ್ಲವೆಂಬುದಕ್ಕೆ ಮುಂಡಗೋಡ ಸಾಕ್ಷಿಯಾಗಿದೆ. 1966ರಲ್ಲಿ ಇಲ್ಲಿ ಟಿಬೆಟನ್ ನಿರಾಶ್ರಿತರ ವಸಾಹತು ಆರಂಭವಾಯಿತು. ಟಿಬೆಟ್ಟಿನಲ್ಲಿ ಕ್ರಮವಾಗಿ 1409 ಮತ್ತು 1416ರಲ್ಲಿ ಸ್ಥಾಪನೆಗೊಂಡಿದ್ದ ಗಾಂದೆನ್ ಹಾಗೂ ದ್ರೆಪುಂಗ್ ವಿಹಾರಗಳು ಇಲ್ಲಿ ಪುನಃಸ್ಥಾಪನೆಗೊಂಡವು. ಬಿಕ್ಷುಗಳ ತರ್ಕವಾದವು ಅಂಗಳದಲ್ಲಿ ನಡೆಯುವ ಪದ್ಧತಿ. ಪ್ರಶ್ನಿಸುವವನು ನಿಂತು, ನೆಲಕ್ಕೆ ಕಾಲನ್ನು ಅಪ್ಪಳಿಸಿ, ಚಪ್ಪಾಳೆ ತಟ್ಟಿ ಪ್ರಶ್ನೆ ಎಸೆಯುತ್ತಾನೆ, ಉತ್ತರಿಸುವವನು ಕುಳಿತಿರುತ್ತಾನೆ. ವಿದ್ಯೆಯ ಕ್ರಮವಾದ ಇದು ಲಯ ಮತ್ತು ಆಂಗಿಕಗಳಿಂದಾಗಿ ಪ್ರದರ್ಶನದ ಗುಣವನ್ನೂ ಪಡೆದಿದೆ. ಹಿಮದ ನಾಡಿನ ಅಂಗಳವು ಮಲೆನಾಡಿನ ಸೆರಗಿನಲ್ಲಿ ಮತ್ತೆ ಅಂಗಳವಾದದ್ದು ಹೇಗೆ? ಮಣ್ಣು ಬದಲಾದರೂ ಗುರುಶಿಷ್ಯರ, ನಿಂತವರ ಮತ್ತು ಕುಳಿತವರ ಸಂಬಂಧ ಬದಲಾಗಲಿಲ್ಲ. ಸ್ಥಳವೆಂಬುದು ಭೂಪಟದ ಗುರುತಿಗಿಂತ ಹೆಚ್ಚಾಗಿ ಮನುಷ್ಯರು ಪರಸ್ಪರ ನಿಲ್ಲುವ ಕ್ರಮ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಉದ್ಯಾನ ಮತ್ತು ವೇದಿಕೆ

ಈ ತಿಳಿವಳಿಕೆ ಇಂದಿನ ಸಂದರ್ಭಕ್ಕೆ ಅಗತ್ಯವಾಗಿದೆ. ದಾಂಡೇಲಿ–ಜೋಯಿಡಾ ಭಾಗದಲ್ಲಿ ಪ್ರವಾಸೋದ್ಯಮ ಬೆಳೆದಂತೆ ಡಮಾಮಿಯು ರೆಸಾರ್ಟುಗಳ ಸಂಜೆಯ ಕಾರ್ಯಕ್ರಮವಾಗಿದೆ. ಉತ್ಸವಗಳ ಮೆರವಣಿಗೆ, ವೇದಿಕೆಗಳನ್ನೂ ಏರಿದೆ. ಇದರಿಂದ ಕಲಾವಿದರಿಗೆ ಸಿಗುವ ಆದಾಯವನ್ನು, ಮನ್ನಣೆಯನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಕುಣಿತವು ಅಂಗಳದಲ್ಲಿಯೇ ಉಳಿಯಬೇಕೆಂದು ಹೊರಗಿನವರು ಅಪೇಕ್ಷಿಸುವುದೂ ಒಂದು ಬಗೆಯ ಯಜಮಾನಿಕೆಯೇ. ಆದರೆ ಎತ್ತರದ ವೇದಿಕೆ, ಹತ್ತು ನಿಮಿಷಗಳ ಅವಧಿ, ಧ್ವನಿವರ್ಧಕ, ಒಂದೇ ದಿಕ್ಕಿನಲ್ಲಿ ಕುಳಿತ ಪ್ರೇಕ್ಷಕವರ್ಗ ಇವೆಲ್ಲ ಸೇರಿದಾಗ ಎದ್ದು ಬಂದು ಸೇರಿಕೊಳ್ಳುವ ಅವಕಾಶ ಇಲ್ಲವಾಗುತ್ತದೆ. ನಷ್ಟವಾಗುವುದು ಇದು.

ಸಾರ್ವಜನಿಕ ಉದ್ಯಾನಗಳು ಈ ದೃಷ್ಟಿಯಿಂದ ವೇದಿಕೆಗಿಂತ ಅಂಗಳಕ್ಕೆ ಹತ್ತಿರವಾದವು. ಅಲ್ಲಿ ನೆಲ ಸಮವಾಗಿದೆ, ನಾಲ್ಕೂ ಕಡೆಯಿಂದ ಜನ ಸೇರಬಹುದು, ಮರದ ಕೆಳಗೆ ಹಾಡಿದ ಪದ್ಯ ಧ್ವನಿವರ್ಧಕವಿಲ್ಲದೆಯೇ ಕಿವಿ ಮುಟ್ಟಬಹುದು. ಆದರೆ ಉದ್ಯಾನವು ತಾನಾಗಿಯೇ ಅಂಗಳವಾಗುವುದಿಲ್ಲ. ವಾದ್ಯದವರು ಎಲ್ಲಿ ಕೂರಬೇಕು, ಕುಣಿತ ಯಾವಾಗ ನಿಲ್ಲಬೇಕು, ಯಾವ ಹಾಡನ್ನು ಹೊರಗಿನವರೆದುರು ಹಾಡಬಹುದು ಎಂಬುದನ್ನು ಆಯಾ ಸಮುದಾಯದವರೇ ನಿರ್ಧರಿಸಬೇಕು. ಈ ನಿರ್ಧಾರ ಅವರ ಕೈಯಲ್ಲಿರುವಷ್ಟು ಕಾಲ ಕುಣಿತವು ಎಲ್ಲಿಗೆ ಹೋದರೂ ತನ್ನ ಬಯಲನ್ನು ಜೊತೆಗೇ ಒಯ್ಯುತ್ತದೆ. ಅದು ಆಯೋಜಕರ ಕೈಗೆ ಹೋದಾಗ, ಸ್ವಂತ ಊರಿನಲ್ಲಿ ನಡೆದ ಕುಣಿತವೂ ಸ್ಥಳಾಂತರಗೊಂಡ ಕುಣಿತವೇ ಆಗುತ್ತದೆ.