ಸಮುದ್ರಶಾಸ್ತ್ರಜ್ಞ ಡಾ|| ಸಯ್ಯದ್ ಜಹೂರ್ ಕಾಸಿಂ

ಮೂರು ಕಡೆ ಸಮುದ್ರವುಳ್ಳ ದೇಶ ನಮ್ಮದೆಂದು ಹೆಮ್ಮೆಪಡುವವರು ಅನೇಕರು. ಆ ಸಮುದ್ರವನ್ನು ಅಳೆದು ನೋಡಿದವರ ಹೆಸರನ್ನು ಬಲ್ಲವರು ವಿರಳ. ಸನ್ 1959ರಿಂದ 1965ರ ವರೆಗೆ ನಡೆದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಅನ್ವೇಷಣೆಯಲ್ಲಿ ಸುಮಾರು 40 ಹಡಗುಗಳು ಪಾಲ್ಗೊಂಡವು. ಅವುಗಳಲ್ಲಿ ಬಹುಪಾಲು ಪರದೇಶದವು. ನಮ್ಮ ಅಂಗಳವನ್ನು ಅಳೆಯಲು ನೆರೆಯವರ ಕೋಲು ಬೇಕಾಗಿತ್ತು. ಈ ಪರಾವಲಂಬನವನ್ನು ತಗ್ಗಿಸಲು ದುಡಿದವರಲ್ಲಿ ಡಾ|| ಕಾಸಿಂ ಅವರು ಅಗ್ರಗಣ್ಯರು.

ಅವರು 1926ರಲ್ಲಿ ಅಲಹಾಬಾದಿನಲ್ಲಿ ಜನಿಸಿದರು. ಅಲಿಗಢದಲ್ಲಿ ಪ್ರಾಣಿಶಾಸ್ತ್ರವನ್ನು ವ್ಯಾಸಂಗ ಮಾಡಿ, ವೇಲ್ಸಿನಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದರು. ಲೋಕಕ್ಕೆ ಅವರ ಪರಿಚಯವಾದದ್ದು ಹಿಮಖಂಡದ ಯಾತ್ರೆಯಿಂದಾದರೂ, ಅವರ ಪಾಂಡಿತ್ಯವು ಮಾಗಿದ್ದು ಕೊಚ್ಚಿಯ ಹಿನ್ನೀರಿನಲ್ಲಿ. ಬೆಳಕು ತಾಗುವ ಶೀಸೆಯಲ್ಲೂ ಕತ್ತಲೆಯ ಶೀಸೆಯಲ್ಲೂ ನೀರನ್ನು ತುಂಬಿ ಇಳಿಬಿಟ್ಟು, ಎರಡರೊಳಗಿನ ಆಮ್ಲಜನಕದ ವ್ಯತ್ಯಾಸದಿಂದ, ಕಣ್ಣಿಗೆ ಕಾಣದ ಜಲಸಸ್ಯಗಳು ಎಷ್ಟು ಆಹಾರವನ್ನು ನಿರ್ಮಿಸುತ್ತವೆಂದು ಅವರೂ ಅವರ ಸಹೋದ್ಯೋಗಿಗಳೂ ಲೆಕ್ಕ ಹಾಕಿದರು. ಸೂಕ್ಷ್ಮ ಪ್ರಾಣಿಗಳು ಮೇಯ್ದು ಮಿಕ್ಕದ್ದು ತಳಕ್ಕಿಳಿದು ಕೊಳೆತು, ಸಿಗಡಿ ಮೊದಲಾದವುಗಳಿಗೆ ಅನ್ನವಾಗುವುದೆಂದು ತೋರಿಸಿದರು. ಬಡ ಬೆಸ್ತನ ಬಲೆಗೂ ಶಾಸ್ತ್ರಜ್ಞನ ಶೀಸೆಗೂ ಇರುವ ಸಂಬಂಧವಿದು.

ಸನ್ 1974ರಲ್ಲಿ ಅವರು ಗೋವೆಯ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. 1976ರಲ್ಲಿ ಹೂಳು ಸಾಗಿಸುವ ನಾವೆಯನ್ನು ಮಾರ್ಪಡಿಸಿ ಸಿದ್ಧಪಡಿಸಿದ 'ಗವೇಷಣಿ' ಸಂಸ್ಥೆಗೆ ದೊರೆಯಿತು. ಆ ಹಡಗೇ 1981ರ ಜನವರಿಯಲ್ಲಿ ಹಿಂದೂ ಮಹಾಸಾಗರದ ತಳದಿಂದ ಲೋಹಮಯ ಗಂಟುಗಳನ್ನು ಮೇಲೆತ್ತಿತು. ತತ್ಫಲವಾಗಿ 1987ರಲ್ಲಿ 1,50,000 ಚದರ ಕಿಲೋಮೀಟರ್ ಸಮುದ್ರತಳದಲ್ಲಿ ಅನ್ವೇಷಣೆಯ ಹಕ್ಕು ಭಾರತಕ್ಕೆ ಲಭಿಸಿತು.

ದಕ್ಷಿಣ ಧ್ರುವಖಂಡದ ಪ್ರಶ್ನೆಯನ್ನು ಭಾರತವು 1956ರಲ್ಲಿಯೇ ವಿಶ್ವಸಂಸ್ಥೆಯ ಮುಂದಿಡಲೆತ್ನಿಸಿತ್ತು, ಪ್ರಯತ್ನವು ಫಲಿಸಲಿಲ್ಲ. 1959ರಲ್ಲಿ 12 ರಾಷ್ಟ್ರಗಳು ತಮ್ಮೊಳಗೆ ಒಪ್ಪಂದ ಮಾಡಿಕೊಂಡವು. ಹೊಸದಾಗಿ ಸೇರುವವರಲ್ಲಿ ಅಲ್ಲಿ ಗಣನೀಯವಾದ ಸಂಶೋಧನೆ ನಡೆಸಿದವರಿಗೆ ಮಾತ್ರವೇ ಮತಾಧಿಕಾರವೆಂಬುದು ಅದರ ನಿಬಂಧನೆ. ಅರ್ಜಿಯಿಂದ ದೊರೆಯದ ಸ್ಥಾನವನ್ನು ಕೆಲಸದಿಂದಲೇ ಪಡೆಯಬೇಕಾಯಿತು. ಡಾ|| ಕಾಸಿಂ ಅವರ ಮುಂದಾಳುತನದಲ್ಲಿ 21 ಮಂದಿಯ ತಂಡವು ನಾರ್ವೆಯಿಂದ ಬಾಡಿಗೆಗೆ ಪಡೆದ 'ಪೋಲಾರ್ ಸರ್ಕಲ್' ಹಡಗಿನಲ್ಲಿ 1981ರ ಡಿಸೆಂಬರ್ 6ರಂದು ಗೋವೆಯನ್ನು ಬಿಟ್ಟು, 1982ರ ಜನವರಿ 9ರಂದು ಹಿಮಖಂಡವನ್ನು ಮುಟ್ಟಿತು. ವಾರ್ತೆ ಪ್ರಕಟವಾದದ್ದು ಆ ಮೇಲೆಯೇ. ಪ್ರಜೆಯ ಹಣದಿಂದ ನಡೆದ ಯಾತ್ರೆಯನ್ನು ಪ್ರಜೆಗಳಿಂದಲೇ ಮುಚ್ಚಿಟ್ಟದ್ದು ಪತ್ರಿಕಾ ವೃತ್ತಿಯವರಿಗೆ ಸರ್ವಥಾ ರುಚಿಸತಕ್ಕದ್ದಲ್ಲ. ಬಡತನವಿರುವ ದೇಶಕ್ಕೆ ಹಿಮದ ಗೊಡವೆ ಏಕೆಂದು ಕೇಳುವವರೂ ಉಂಟು. ಆದರೆ ನಮ್ಮ ಮುಂಗಾರು ಹುಟ್ಟುವ ಸಾಗರವು ದಕ್ಷಿಣದಲ್ಲಿ ಆ ಹಿಮದ ತೀರದ ವರೆಗೂ ಹಬ್ಬಿರುವುದನ್ನು ಇವರು ಮರೆಯುತ್ತಾರೆ.

ಸನ್ 1983ರ ಆಗಸ್ಟಿನಲ್ಲಿ ಭಾರತವು ಒಪ್ಪಂದವನ್ನು ಸೇರಿತು; ಸೆಪ್ಟೆಂಬರಿನಲ್ಲಿ ಮತಾಧಿಕಾರವನ್ನೂ ಪಡೆಯಿತು. ಡಾ|| ಕಾಸಿಂ ಅವರು ಅನಂತರ ದೆಹಲಿಯ ಜಾಮಿಯಾ ಮಿಲಿಯಾ ವಿಶ್ವವಿದ್ಯಾಲಯದ ಕುಲಪತಿಗಳಾಗಿಯೂ ಯೋಜನಾ ಆಯೋಗದ ಸದಸ್ಯರಾಗಿಯೂ ಇದ್ದು, 2015ರಲ್ಲಿ ತೀರಿಕೊಂಡರು. ಭಾರತದ ಮೊದಲ ನೆಲೆಯಾದ 'ದಕ್ಷಿಣ ಗಂಗೋತ್ರಿ' ಹಿಮದಲ್ಲಿ ಹೂತುಹೋಯಿತು. 'ಮೈತ್ರಿ', 'ಭಾರತಿ' ಎಂಬ ಎರಡು ನೆಲೆಗಳಲ್ಲಿ ಕಾರ್ಯವು ಮುಂದುವರಿದಿದೆ.