ಹಳದಿ ಬಾಣವೂ ಕೈಯೊಳಗಿನ ನಕ್ಷೆಯೂ

ತೀರ್ಥಯಾತ್ರೆಯನ್ನು ಕಾಲ್ನಡೆಯಿಂದಲೇ ಮಾಡತಕ್ಕದ್ದೆಂಬ ಭಾವನೆಯು, ಯುಗಾದಿಗೆ ಶ್ರೀಶೈಲಕ್ಕೂ ಆಷಾಢದಲ್ಲಿ ಪಂಢರಪುರಕ್ಕೂ ನಡೆದು ಹೋಗುವ ನಮ್ಮ ಜನರಿಗೆ ಮಾತ್ರ ಸೇರಿದುದಲ್ಲ. ಸ್ಪೇನ್ ದೇಶದ ವಾಯವ್ಯ ಭಾಗದಲ್ಲಿರುವ ಸಾಂತಿಯಾಗೊ ದೆ ಕೊಂಪೊಸ್ತೆಲಾ ಎಂಬ ಪಟ್ಟಣಕ್ಕೆ ಯೂರೋಪಿನ ಜನರು ಸಾವಿರ ವರ್ಷಗಳಿಂದಲೂ ನಡೆದು ಬರುತ್ತಿರುವರು. ಯೇಸುವಿನ ಹನ್ನೆರಡು ಮಂದಿ ಶಿಷ್ಯರಲ್ಲೊಬ್ಬನಾದ ಸಂತ ಯಾಕೋಬನ ಸಮಾಧಿಯು ಅಲ್ಲಿಯ ದೇವಾಲಯದಲ್ಲಿದೆಯೆಂಬುದು ಅವರ ನಂಬಿಕೆ. ಅಲ್ಲಿಗೆ ಹೋಗುವ ಹಲವು ಮಾರ್ಗಗಳಲ್ಲಿ ಅತ್ಯಂತ ಪ್ರಸಿದ್ಧವಾದುದು, ಫ್ರಾನ್ಸಿನ ಗಡಿಯಲ್ಲಿರುವ ಸ್ಯಾಂ ಝಾಂ ಪಿಯೆ ದ ಪೋರ್ ಎಂಬ ಊರಿನಿಂದ ಹೊರಟು ಪಿರನೀಸ್ ಪರ್ವತವನ್ನು ದಾಟಿ, ಪಾಂಪ್ಲೋನಾ, ಬುರ್ಗೋಸ್, ಲಿಯೋನ್ ಪಟ್ಟಣಗಳ ಮೂಲಕ ಸಾಗುವ ಹಾದಿ. ಇದರ ಉದ್ದವು ಸುಮಾರು 780 ಕಿಲೋಮೀಟರು. ನಡೆಯಲು ಐದು ವಾರಗಳು ಬೇಕು. 1993ರಲ್ಲಿ ಯುನೆಸ್ಕೊ ಸಂಸ್ಥೆಯು ಈ ಹಾದಿಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಕಡೆಯ 100 ಕಿಲೋಮೀಟರನ್ನಾದರೂ ನಡೆದು, ದಾರಿಯುದ್ದಕ್ಕೂ ತನ್ನ ಯಾತ್ರಾಪುಸ್ತಿಕೆಯಲ್ಲಿ ಮುದ್ರೆಗಳನ್ನು ಒತ್ತಿಸಿಕೊಂಡು ಬಂದವನಿಗೆ ಅಲ್ಲಿಯ ಯಾತ್ರಿಕರ ಕಚೇರಿಯು ಒಂದು ಪ್ರಮಾಣಪತ್ರವನ್ನು ಕೊಡುವುದು. 1985-86ರಲ್ಲಿ ಅದನ್ನು ಪಡೆದವರ ಸಂಖ್ಯೆಯು ವರ್ಷಕ್ಕೆ ಮೂರು ಸಾವಿರವನ್ನೂ ಮುಟ್ಟಿರಲಿಲ್ಲ. 2024ರಲ್ಲಿ ಅದು ಐದು ಲಕ್ಷದ ಸಮೀಪಕ್ಕೆ ಬಂದಿತು. ಇವರಲ್ಲಿ ಬಹುಮಂದಿಯ ಕೈಯಲ್ಲಿ ಇಂದು ದಂಡದ ಜೊತೆಗೆ ಸ್ಮಾರ್ಟ್‌ಫೋನೂ ಇದೆ. ಬುಯೆನ್ ಕಮೀನೊ, ವೈಸ್ ಪಿಲ್ಗ್ರಿಮ್, ಕಮೀನೊ ನಿಂಜಾ ಮೊದಲಾದ ಆ್ಯಪುಗಳು ಮುಂದಿನ ಊರು ಎಷ್ಟು ದೂರ, ಏರು ಎಷ್ಟು, ಛತ್ರದಲ್ಲಿ ಹಾಸಿಗೆಗಳೆಷ್ಟು, ಬಾಡಿಗೆ ಏನು ಎಂಬುದನ್ನೆಲ್ಲ ನಿಂತ ನೆಲದಲ್ಲಿಯೇ ತಿಳಿಸುವುವು. ಯಾತ್ರೆಯಲ್ಲಿ ಈ ಯಂತ್ರಕ್ಕೆ ಸ್ಥಾನವುಂಟೆ, ಉಂಟಾದರೆ ಎಷ್ಟು, ಎಂಬ ಪ್ರಶ್ನೆಯು ಈಗ ಎದ್ದಿದೆ. ಇದು ಸ್ಪೇನಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲವಾದುದರಿಂದ ನಮ್ಮ ಓದುಗರೂ ಇದನ್ನು ವಿಚಾರಮಾಡುವುದು ಉಚಿತ.

ಯಂತ್ರವನ್ನು ಹಿಡಿದು ನಡೆಯುವುದು ಸಂಪ್ರದಾಯಕ್ಕೆ ವಿರುದ್ಧವೆಂದು ಕೆಲವರು ಹೇಳುವರು. ಈ ಮಾತು ಚರಿತ್ರೆಯ ಮುಂದೆ ನಿಲ್ಲಲಾರದು. ಹನ್ನೆರಡನೆಯ ಶತಮಾನದ ‘ಕೋಡೆಕ್ಸ್ ಕಲಿಕ್ಸ್ಟಿನಸ್’ ಎಂಬ ಲ್ಯಾಟಿನ್ ಗ್ರಂಥದ ಐದನೆಯ ಭಾಗವು ಈ ಯಾತ್ರೆಯ ಕೈಪಿಡಿಯೇ ಆಗಿದೆ. ಅದು ಪಿರನೀಸ್ ಕಣಿವೆಯಿಂದ ಸಾಂತಿಯಾಗೊವಿನವರೆಗಿನ ದಾರಿಯನ್ನು 13 ಮಜಲುಗಳಾಗಿ ವಿಂಗಡಿಸಿ, ಯಾವ ಹೊಳೆಯ ನೀರು ಕುಡಿಯಲು ಯೋಗ್ಯ, ಯಾವುದು ಅಯೋಗ್ಯವೆಂದು ಹೇಳುವುದು. ದೋಣಿಗಾರರು ಅನ್ಯಾಯವಾಗಿ ಹಣ ಕೀಳುವ ಕಡವನ್ನು ಹೆಸರಿಸುವುದು. ನವಾರ್ರಾ ಪ್ರಾಂತದ ಒಂದು ಉಪ್ಪುಹೊಳೆಯ ದಡದಲ್ಲಿ ಇಬ್ಬರು ಕತ್ತಿ ಮಸೆಯುತ್ತ ಕುಳಿತು, ನೀರು ಒಳ್ಳೆಯದೆಂದು ಯಾತ್ರಿಕರಿಗೆ ಸುಳ್ಳು ಹೇಳಿ, ಅದನ್ನು ಕುಡಿದು ಸತ್ತ ಕುದುರೆಗಳ ಚರ್ಮವನ್ನು ಸುಲಿದರೆಂಬ ವೃತ್ತಾಂತವೂ ಅದರಲ್ಲಿದೆ. ದಾರಿಯಲ್ಲಿ ಸಿಕ್ಕವರ ಮಾತನ್ನೆಲ್ಲ ನಂಬಲಾಗದು, ಮುಂದೆ ಹೋದವರ ಅನುಭವವು ಹಿಂದೆ ಬರುವವರಿಗೆ ಬೇಕು ಎಂಬ ತಿಳಿವಳಿಕೆಯು ಎಂಟುನೂರು ವರ್ಷಗಳಿಗೂ ಹಿಂದಿನದು. ಇಂದಿನ ಆ್ಯಪು ಆ ಕೈಪಿಡಿಯ ವಂಶಕ್ಕೆ ಸೇರಿದುದೇ ಹೊರತು ಪರಕೀಯವಲ್ಲ.

ಸಂಪ್ರದಾಯದ ಚಿಹ್ನೆಯೆಂದು ಎಲ್ಲರೂ ಕೊಂಡಾಡುವ ಹಳದಿ ಬಾಣವಾದರೂ ಪುರಾತನವಾದುದಲ್ಲ. ಓ ಸೆಬ್ರೆಯ್ರೊ ಎಂಬ ಬೆಟ್ಟದ ಹಳ್ಳಿಯಲ್ಲಿ ಪಾದ್ರಿಯಾಗಿದ್ದ ಎಲಿಯಾಸ್ ವಲೀನ್ಯಾ ಎಂಬ ವಿದ್ವಾಂಸರು 1984ರಲ್ಲಿ, ಹೆದ್ದಾರಿಯ ಕೆಲಸದಲ್ಲಿ ಮಿಕ್ಕ ಹಳದಿ ಬಣ್ಣವನ್ನು ತಮ್ಮ ಕಾರಿನಲ್ಲಿ ತುಂಬಿಕೊಂಡು, ಮರ, ಬಂಡೆ, ಗೋಡೆಗಳ ಮೇಲೆ ಬಾಣಗಳನ್ನು ಬರೆಯುತ್ತ ಹೋದರು. ಕಾಡಿನಲ್ಲಿ ಮುಚ್ಚಿಹೋಗುತ್ತಿದ್ದ ಹಾದಿಯು ಅದರಿಂದ ಮತ್ತೆ ಕಣ್ಣಿಗೆ ಕಂಡಿತು. ಅವರು 1989ರಲ್ಲಿ ತೀರಿಕೊಂಡರು. ಆದರೆ ಅವರ ಬಾಣವು ಇಂದು ಯೂರೋಪಿನ ಅನೇಕ ಯಾತ್ರಾಮಾರ್ಗಗಳಲ್ಲಿ ಕಾಣುವುದು. ಈ ಬಾಣಕ್ಕೆ ಒಂದು ವಿಶೇಷ ಗುಣವಿದೆ. ಅದನ್ನು ನೋಡಲು ಹಣ ಬೇಡ, ಭಾಷೆ ಬೇಡ, ವಿದ್ಯುತ್ತು ಬೇಡ. ಬಡವನಿಗೂ ಧನಿಕನಿಗೂ ಅದು ತೋರಿಸುವುದು ಒಂದೇ ದಾರಿಯನ್ನು.

ಇನ್ನು ಯಂತ್ರದ ಕೆಲಸವನ್ನು ನೋಡೋಣ. ಫೋನು ದಾರಿ ತೋರಿಸುವುದಕ್ಕೆ ಟೆಲಿಫೋನ್ ಕಂಪನಿಯ ಸಂಪರ್ಕವು ಬೇಕೇ ಬೇಕೆಂದು ಬಹುಜನರು ತಿಳಿದಿರುವರು. ಇದು ಸರಿಯಲ್ಲ. ಭೂಮಿಯಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಜಿ.ಪಿ.ಎಸ್. ಉಪಗ್ರಹಗಳಲ್ಲಿ ನಾಲ್ಕರ ಸಂಕೇತಗಳು ಸಿಕ್ಕಿದರೆ, ಅವು ಬಂದು ಸೇರಲು ಹಿಡಿದ ಕಾಲದಿಂದ ಫೋನು ತಾನಿರುವ ಸ್ಥಳವನ್ನು ಲೆಕ್ಕಹಾಕಿಕೊಳ್ಳುವುದು. ನಕ್ಷೆಯನ್ನು ಮೊದಲೇ ಫೋನಿನಲ್ಲಿ ಇಳಿಸಿಕೊಂಡಿದ್ದರೆ ಸಂಪರ್ಕವಿಲ್ಲದ ಬೆಟ್ಟದಲ್ಲಿಯೂ ಅದು ಉಪಯೋಗಕ್ಕೆ ಬರುವುದು. ಆದರೆ ದಟ್ಟವಾದ ಮರಗಳ ಕೆಳಗೂ ಎತ್ತರವಾದ ಗೋಡೆಗಳ ನಡುವೆಯೂ ಅದು ಅನೇಕ ಮೀಟರುಗಳಷ್ಟು ತಪ್ಪಬಹುದು. ಬ್ಯಾಟರಿಯು ಬರಿದಾದರೆ ಏನೂ ಹೇಳಲಾರದು.

ಇಷ್ಟು ಕುಂದುಗಳಿದ್ದರೂ, ಬಾಣವು ಮಾಡಲಾರದ ಕೆಲವು ಕೆಲಸಗಳನ್ನು ಇದು ಮಾಡಬಲ್ಲುದು. ಪಿರನೀಸನ್ನು ದಾಟುವ ನೆಪೋಲಿಯನ್ ಮಾರ್ಗವನ್ನು ಹಿಮದ ಭಯದಿಂದ ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಮುಚ್ಚಲಾಗುವುದು. 2025ರ ಆಗಸ್ಟಿನಲ್ಲಿ ಕಾಡ್ಗಿಚ್ಚಿನ ನಿಮಿತ್ತ ಅಸ್ತೋರ್ಗಾ ಮತ್ತು ಪೊನ್‌ಫೆರಾದಾ ಪಟ್ಟಣಗಳ ನಡುವಣ ಸುಮಾರು 50 ಕಿಲೋಮೀಟರು ಹಾದಿಯನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಬಂಡೆಯ ಮೇಲಿನ ಬಣ್ಣಕ್ಕೆ ಬೆಂಕಿಯ ಸುದ್ದಿಯು ಗೊತ್ತಾಗುವುದಿಲ್ಲ. ಅದೂ ಅಲ್ಲದೆ ಬಣ್ಣವು ಎಲ್ಲರ ಕೈಗೂ ಸಿಕ್ಕುವ ವಸ್ತು. 2015ರಲ್ಲಿ ಅಸ್ತೋರ್ಗಾದ ಸಮೀಪದಲ್ಲಿ ಒಂಟಿಯಾಗಿ ನಡೆಯುತ್ತಿದ್ದ ಯಾತ್ರಿಕಳೊಬ್ಬಳು ಕೊಲೆಯಾದಳು. ದಾರಿ ತಪ್ಪಿಸುವುದಕ್ಕಾಗಿ ಅಲ್ಲಿ ಸುಳ್ಳು ಬಾಣಗಳನ್ನು ಬರೆಯಲಾಗಿತ್ತೆಂಬ ಸಂಗತಿಯು ಆಗ ಪತ್ರಿಕೆಗಳಲ್ಲಿ ಪ್ರಕಟವಾಯಿತು. ನಿಜವಾದ ಹಾದಿಯಿಂದ ತಾನು ದೂರ ಸರಿಯುತ್ತಿರುವೆನೆಂಬುದನ್ನು ಕೈಯೊಳಗಿನ ನಕ್ಷೆಯು ಒಡನೆಯೇ ತೋರಿಸಬಲ್ಲುದು. ಸ್ಪೇನಿನ ಗೃಹಖಾತೆಯು ನಡೆಸುವ ಅಲರ್ಟ್‌ಕಾಪ್ಸ್ ಎಂಬ ಆ್ಯಪಿನ ಮೂಲಕ ಆಪತ್ತಿಗೊಳಗಾದವರು ತಾವಿರುವ ಸ್ಥಳವನ್ನು ಪೊಲೀಸರಿಗೆ ತಿಳಿಸಲೂಬಹುದು. ಒಂಟಿಯಾಗಿ ನಡೆಯುವ ಹೆಂಗಸರಿಗೂ ವೃದ್ಧರಿಗೂ ಇಂತಹ ರಕ್ಷಣೆಯನ್ನು ಬೇಡವೆನ್ನುವ ಅಧಿಕಾರವು ಯಾವ ಸಂಪ್ರದಾಯವಾದಿಗೂ ಇಲ್ಲ.

ಹಾಗಾದರೆ ಆಕ್ಷೇಪಕ್ಕೆ ಎಡೆಯೇ ಇಲ್ಲವೆ? ಇದೆ, ಆದರೆ ಅದು ಬೇರೊಂದು ಸ್ಥಳದಲ್ಲಿದೆ. ದಾರಿ ತೋರಿಸುವ ಯಂತ್ರವು ಈಗ ಹಾಸಿಗೆಯನ್ನೂ ಕಾದಿರಿಸುವ ಯಂತ್ರವಾಗಿದೆ. ಈ ಮಾರ್ಗದ ಸಾರ್ವಜನಿಕ ಛತ್ರಗಳಲ್ಲಿ ಬಹುಮಟ್ಟಿಗೆ ನಡೆದು ಬಂದ ಪದ್ಧತಿಯೆಂದರೆ, ಮೊದಲು ಬಂದವನಿಗೆ ಮೊದಲು ಸ್ಥಳ. ಸೈಕಲ್ಲಿನವನಿಗಿಂತ ನಡೆದು ಬಂದವನಿಗೆ ಮುನ್ನಡೆ. ಗ್ರಾನ್ಯೋನ್ ಎಂಬ ಹಳ್ಳಿಯ ಇಗರ್ಜಿಯ ಛತ್ರದಲ್ಲಿ ಬಾಡಿಗೆಯೇ ಇಲ್ಲ. ಅಲ್ಲಿ ತೆರೆದಿಟ್ಟ ಪೆಟ್ಟಿಗೆಯೊಂದಿದೆ. ಉಳ್ಳವನು ಹಾಕುವನು, ಇಲ್ಲದವನು ತೆಗೆದುಕೊಳ್ಳುವನು. ಇಂತಹ ಏರ್ಪಾಟಿನಲ್ಲಿ ಯಾತ್ರಿಕರೆಲ್ಲರೂ ಸಮಾನರು. ಖಾಸಗಿ ಛತ್ರಗಳಲ್ಲಿ ಹಾಗಲ್ಲ. ಬೆಳಗ್ಗೆ ಹೊರಡುವ ಮುಂಚೆಯೇ ಬೆರಳ ತುದಿಯಿಂದ ಮುಂದಿನ ಊರಿನ ಹಾಸಿಗೆಗಳನ್ನು ಮುಗಿಸಿಬಿಟ್ಟರೆ, ಫೋನಿಲ್ಲದವನೂ, ಮುಂಗಡ ಕೊಡಲಾರದವನೂ, ಕಾಲು ನೊಂದು ನಿಧಾನವಾಗಿ ಬರುವವನೂ ಸಂಜೆ ಬಾಗಿಲಲ್ಲಿ ನಿಲ್ಲಬೇಕಾಗುವುದು. ಸಾರಿಯಾ ಪಟ್ಟಣದಿಂದ ಮುಂದಿನ ಸುಮಾರು 115 ಕಿಲೋಮೀಟರಿನಲ್ಲಿ ಜನಸಂದಣಿಯು ಹೆಚ್ಚಾದುದರಿಂದ ಈ ಕಷ್ಟವು ಅಲ್ಲಿ ಇನ್ನೂ ಅಧಿಕ.

ಮತ್ತೊಂದು ದೋಷವೂ ಇದೆ. ಆ್ಯಪುಗಳೂ ಕೈಪಿಡಿಗಳೂ ದಾರಿಯನ್ನು ಮೂವತ್ತು ಚಿಲ್ಲರೆ ಮಜಲುಗಳಾಗಿ ವಿಂಗಡಿಸಿ ತೋರಿಸುವುದರಿಂದ ಎಲ್ಲರೂ ಅವೇ ಊರುಗಳಲ್ಲಿ ತಂಗಲು ಧಾವಿಸುವರು. ಅಲ್ಲಿ ಸ್ಥಳವಿಲ್ಲದೆ ಜಗಳವಾಗುವಾಗ, ನಾಲ್ಕು ಕಿಲೋಮೀಟರು ಹಿಂದಿನ ಹಳ್ಳಿಯ ಛತ್ರವು ಬರಿದಾಗಿರಬಹುದು. ಯಾತ್ರಿಕರಿಂದಲೇ ಜೀವಿಸುವ ಸಣ್ಣ ಹಳ್ಳಿಗಳಿಗೆ ಇದು ಅನ್ನದ ಪ್ರಶ್ನೆ.

ಆದುದರಿಂದ ನಾವು ಯಂತ್ರವನ್ನು ನಿಷೇಧಿಸಬೇಕೆನ್ನುವುದಿಲ್ಲ. ಅದಕ್ಕೊಂದು ಎಲ್ಲೆ ಬೇಕೆನ್ನುವೆವು. ದಾರಿಯನ್ನು ತಿಳಿಯುವುದಕ್ಕೂ ಅಪಾಯವನ್ನು ತಪ್ಪಿಸಿಕೊಳ್ಳುವುದಕ್ಕೂ ಫೋನು ನಿಸ್ಸಂದೇಹವಾಗಿ ಉಪಯೋಗವಾಗಲಿ. ಆದರೆ ಹಾದಿಯು ಎಲ್ಲರದೂ ಆಗಿ ಉಳಿಯಬೇಕಾದರೆ ಮೂರು ಕರ್ತವ್ಯಗಳು ನಡೆಯಬೇಕು. ಆ್ಯಪುಗಳಿವೆಯೆಂಬ ನೆವದಿಂದ ಬಾಣಗಳನ್ನು ಅಳಿಸಿಹೋಗಲು ಬಿಡದೆ ಅಧಿಕಾರಿಗಳು ವರ್ಷವರ್ಷವೂ ಅವುಗಳನ್ನು ಹೊಸದಾಗಿ ಬರೆಯಿಸಬೇಕು. ಪ್ರತಿಯೊಂದು ಊರಿನಲ್ಲಿಯೂ, ಮುಂಗಡವಾಗಿ ಕಾದಿರಿಸಲಾಗದ ಒಂದಷ್ಟು ಹಾಸಿಗೆಗಳನ್ನು ನಡೆದು ಬಂದವರಿಗೆಂದೇ ಉಳಿಸಬೇಕು. ಆ್ಯಪು ಮಾಡುವವರು ಮಜಲಿನ ಊರುಗಳಷ್ಟೇ ಸ್ಪಷ್ಟವಾಗಿ ನಡುವಣ ಹಳ್ಳಿಗಳನ್ನೂ ತೋರಿಸಬೇಕು.

ಯಾತ್ರಿಕನ ಪಾಲಿನ ಕೆಲಸವು ಇನ್ನೂ ಸುಲಭ. ಹೊರಡುವ ಮುಂಚೆ ನಕ್ಷೆಯನ್ನು ಇಳಿಸಿಕೊಳ್ಳಲಿ. ತುರ್ತಿನ ಕರೆಗೆ ಯೂರೋಪಿನಲ್ಲೆಲ್ಲ ಸಲ್ಲುವ 112 ಸಂಖ್ಯೆಯನ್ನು ನೆನಪಿನಲ್ಲಿಡಲಿ. ಬ್ಯಾಟರಿಯ ಕಾಲುಭಾಗವನ್ನು ಆಪತ್ತಿಗೆಂದು ಉಳಿಸಲಿ. ಹೋಗಲಾರದೆಂದು ಗೊತ್ತಾದ ಊರಿನಲ್ಲಿ ಕಾದಿರಿಸಿದ ಹಾಸಿಗೆಯನ್ನು ಮಧ್ಯಾಹ್ನದೊಳಗಾಗಿ ಬಿಟ್ಟುಕೊಡಲಿ. ಆ ಹಾಸಿಗೆಗಾಗಿ, ತನ್ನ ಕಣ್ಣಿಗೆ ಕಾಣದ ಯಾರೋ ಒಬ್ಬನು ಹಿಂದಿನ ಬೆಟ್ಟವನ್ನು ಇಳಿದು ಬರುತ್ತಿರುವನು.